ಸೋರಿದ್ದನ್ನು ಅಳೆದವರಿಗೊಂದು ಬಿನ್ನವತ್ತಳೆ

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಖಂಡಿತ ಬೇಕು. ಕನ್ನಡಿ ಬೇಕು, ಆ ಕನ್ನಡಿ ಸರಿಯಾಗಿದೆಯೇ ಎಂದು ನೋಡಲು ಇನ್ನೊಂದು ಕನ್ನಡಿ ಬೇಕು, ಎರಡರಲ್ಲೂ ಕಂಡದ್ದು ಹುಣ್ಣೋ ಅಂಗೈಯ ಸಹಜ ಬಣ್ಣವೋ ಎಂದು ತೀರ್ಮಾನಿಸಲು ಒಂದು ಸಮಿತಿ ಬೇಕು, ಸಮಿತಿಗೆ ನಾಲ್ಕಾರು ವರ್ಷ ಬೇಕು. ಹಿರಿಯರಿಗೆ ಇದು ಹೊಳೆಯದೆ ಹೋದದ್ದು ಅವರ ತಪ್ಪಲ್ಲ. ಅವರ ಕಾಲದಲ್ಲಿ ನೆಲದಡಿ ಪೆಟ್ರೋಲಿಯಂ ಟ್ಯಾಂಕುಗಳಿರಲಿಲ್ಲ. ಟ್ಯಾಂಕು ಸೋರಿ ಅಂತರ್ಜಲ ಕೆಟ್ಟಿದೆಯೋ ಇಲ್ಲವೋ, ಕೆಟ್ಟಿದ್ದರೆ ಎಷ್ಟು ಕೆಟ್ಟಿದೆ, ಅಷ್ಟು ಕೆಟ್ಟರೆ ಕೆಟ್ಟಂತೆಯೋ ಎಂದು ಲೆಕ್ಕ ಹಾಕುವ ಪುಣ್ಯವಂತರೂ ಇರಲಿಲ್ಲ.

ಸೇತುವೆ ಕಟ್ಟಿದವರಿಗೆ, ಅಣೆಕಟ್ಟು ಕಟ್ಟಿದವರಿಗೆ ಶಾಲು ಹೊದಿಸಿ ಪೇಟ ತೊಡಿಸುವ ನಾಡು ನಮ್ಮದು. ಆದರೆ ನೆಲದೊಳಗೆ ಇಳಿದುಹೋದ ಎಣ್ಣೆಯನ್ನು ದಶಕಗಟ್ಟಲೆ ತಾಳ್ಮೆಯಿಂದ ಅಳೆದು, ಅಳೆದದ್ದನ್ನು ಸಂಪುಟಗಳಲ್ಲಿ ಬರೆದು, ಬರೆದದ್ದನ್ನು ಇನ್ನೊಮ್ಮೆ ಅಳೆಯಬೇಕೆಂದು ಶಿಫಾರಸು ಮಾಡಿದವರಿಗೆ ಒಂದು ಫಲತಾಂಬೂಲದ ತಟ್ಟೆಯನ್ನೂ ಯಾರೂ ಕೊಟ್ಟಿಲ್ಲ. ಆ ಕೊರತೆ ನೀಗಿಸಲು ಈ ಬಿನ್ನವತ್ತಳೆ. ಸನ್ಮಾನಿತರು ದೂರದವರು, ಹವಾಯಿಯ ಒವಾಹು ದ್ವೀಪದವರು. ಹೊನೊಲುಲು ನಗರದ ಪಕ್ಕದ ರೆಡ್ ಹಿಲ್ ಎಂಬ ಗುಡ್ಡದ ಹೊಟ್ಟೆಯಲ್ಲಿ ಅಮೆರಿಕದ ನೌಕಾಪಡೆ ಇಟ್ಟುಕೊಂಡಿದ್ದ ಇಂಧನ ಭಂಡಾರವನ್ನು ಕಾದವರು, ಅದರ ಕೆಳಗಿನ ನೀರನ್ನು ಅಳೆದವರು. ಈ ಕಲೆಯನ್ನು ಇಷ್ಟು ಎತ್ತರಕ್ಕೆ ಒಯ್ದವರು ಬೇರೆ ಎಲ್ಲೂ ನನಗೆ ಸಿಕ್ಕಿಲ್ಲ.

ಗುಡ್ಡ ಅಗೆದು ಇಲಿ ಹಿಡಿದರು ಎಂದು ನಗುವವರು ಮೊದಲು ರೆಡ್ ಹಿಲ್ ನೋಡಬೇಕು. ಇಲ್ಲಿ ಗುಡ್ಡ ಅಗೆದು ಇಪ್ಪತ್ತು ಟ್ಯಾಂಕು ಕಟ್ಟಿದರು. 1940ರ ಕೊನೆಗೆ ಶುರುವಾದ ಕೆಲಸ 1943ಕ್ಕೆ ಮುಗಿಯಿತು. ಒಂದೊಂದು ಟ್ಯಾಂಕಿನ ಎತ್ತರ 250 ಅಡಿ, ಅಗಲ 100 ಅಡಿ. ಕುತುಬ್ ಮಿನಾರನ್ನು ಒಳಗೆ ನಿಲ್ಲಿಸಿ ಮೇಲೆ ಮುಚ್ಚಳ ಹಾಕಬಹುದು. ಒಂದೊಂದರಲ್ಲಿ 1.25 ಕೋಟಿ ಗ್ಯಾಲನ್ ಹಿಡಿಯುತ್ತದೆ. ಅವರ ಗ್ಯಾಲನ್ ನಮ್ಮ ಮೂರೂಮುಕ್ಕಾಲು ಲೀಟರಿಗೆ ಚೂರು ಮೇಲೆ, ಅಂದರೆ ಇಪ್ಪತ್ತೂ ಸೇರಿ ಸುಮಾರು 95 ಕೋಟಿ ಲೀಟರು. ಕಾಂಕ್ರೀಟಿನ ಒಳಗೋಡೆಗೆ ಹೊದಿಸಿದ ಉಕ್ಕಿನ ತಗಡಿನ ದಪ್ಪ ಕಾಲಂಗುಲ. ಪರ್ಲ್ ಹಾರ್ಬರ್ ಬಂದರಿನಲ್ಲಿ ಬಟಾಬಯಲಿನಲ್ಲಿದ್ದ ಟ್ಯಾಂಕುಗಳು ಶತ್ರುವಿಮಾನಗಳಿಗೆ ಸುಲಭವಾಗಿ ಕಾಣುತ್ತವೆಂದು ಇವನ್ನು ಗುಡ್ಡದೊಳಗೆ ಹುದುಗಿಸಿದರು. ಉಪಾಯ ಎಷ್ಟು ಚೆನ್ನಾಗಿ ಫಲಿಸಿತೆಂದರೆ, ಮುಂದೆ ಒಳಗೆ ಏನಾಗುತ್ತಿದೆ ಎಂಬುದು ಮಾಲೀಕರಿಗೂ ಕಾಣಲಿಲ್ಲ.

ಜಾಗದ ಆಯ್ಕೆಯನ್ನಂತೂ ಕೊಂಡಾಡದೆ ಇರಲಾಗದು. ಟ್ಯಾಂಕುಗಳ ಬುಡದಿಂದ ಸುಮಾರು ನೂರು ಅಡಿ ಕೆಳಗೆ ದಕ್ಷಿಣ ಒವಾಹುವಿನ ಅಂತರ್ಜಲ ಮಲಗಿದೆ. ಸುತ್ತಲೂ ಉಪ್ಪು ಸಮುದ್ರ; ದ್ವೀಪದ ಬಹುಪಾಲು ಜನ ಕುಡಿಯುವುದು ಈ ಸಿಹಿನೀರನ್ನೇ. ಇದು ಹೋದರೆ ಬೇರೆ ಗತಿಯಿಲ್ಲ ಎಂಬ ಅರ್ಥದಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1987ರಲ್ಲಿ ಇದನ್ನು ಏಕೈಕ ಮೂಲದ ಜಲಸ್ತರವೆಂದು ಘೋಷಿಸಿತು. ಎಂಟು ವರ್ಷ ಕಳೆದು, 1995ರಲ್ಲಿ, ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ ಮೇಲಿದ್ದ ಟ್ಯಾಂಕುಗಳನ್ನು ಐತಿಹಾಸಿಕ ಹೆಗ್ಗುರುತೆಂದು ಗೌರವಿಸಿತು. ಕೆಳಗಿನದಕ್ಕೊಂದು ಬಿರುದು, ಮೇಲಿನದಕ್ಕೊಂದು ಬಿರುದು. ಯಾರಿಗೂ ಅನ್ಯಾಯವಾಗಲಿಲ್ಲ.

ಇನ್ನು ಶಾಸ್ತ್ರದ ಮಾತು. ಪೆಟ್ರೋಲ್ ಬಂಕಿನಲ್ಲಿ ಹುಡುಗ ಟ್ಯಾಂಕಿನ ಬಾಯಿ ತೆಗೆದು ಉದ್ದನೆಯ ಅಳತೆಕೋಲು ಇಳಿಸಿ, ಎತ್ತಿ, ಒದ್ದೆಯಾದ ಗೀಟನ್ನು ನೋಡಿ ಪಟ್ಟಿಯಲ್ಲಿ ಬರೆದುಕೊಳ್ಳುವುದನ್ನು ನೀವು ಕಂಡಿರುತ್ತೀರಿ. ಬಂದದ್ದೆಷ್ಟು, ಮಾರಿದ್ದೆಷ್ಟು, ಉಳಿದದ್ದೆಷ್ಟು. ಕೂಡಿ ಕಳೆದರೆ ಸೋರಿದ್ದೆಷ್ಟು ಎಂದು ತಿಳಿಯಬೇಕು. ಅಮೆರಿಕದಲ್ಲಿ ಇದಕ್ಕೊಂದು ಸರ್ಕಾರಿ ನಿಯಮವಿದೆ. ತಿಂಗಳ ವಹಿವಾಟಿನ ಶೇ. 1, ಅದರ ಮೇಲೆ 130 ಗ್ಯಾಲನ್. ವ್ಯತ್ಯಾಸ ಇಷ್ಟರೊಳಗಿದ್ದರೆ ಲೆಕ್ಕ ಸರಿಯಿದೆ ಎಂದರ್ಥ. ತಿಂಗಳಿಗೆ ಒಂದು ಲಕ್ಷ ಗ್ಯಾಲನ್ ಮಾರುವ ಬಂಕಿನಲ್ಲಿ 1,130 ಗ್ಯಾಲನ್, ನಮ್ಮ ಲೆಕ್ಕದಲ್ಲಿ ನಾಲ್ಕು ಸಾವಿರದ ಮುನ್ನೂರು ಲೀಟರಿನ ಹತ್ತಿರ, ಎಲ್ಲಿ ಹೋಯಿತೆಂದು ಯಾರೂ ಕೇಳಬೇಕಿಲ್ಲ. ಕೋಲಿನ ಬದಲು ಯಂತ್ರ ಕೂರಿಸಿದರೆ ಅದು ಗಂಟೆಗೆ 0.2 ಗ್ಯಾಲನ್ ಸೋರಿಕೆಯನ್ನು ಹಿಡಿದರೆ ಸಾಕು. ಅದಕ್ಕಿಂತ ಸಣ್ಣದಾಗಿ, ಸದ್ದಿಲ್ಲದೆ, ದಿನಕ್ಕೆ ಹದಿನೇಳು ಲೀಟರಿನಂತೆ ಸೋರುವ ಟ್ಯಾಂಕನ್ನು ಯಂತ್ರ ಸುಮ್ಮನೆ ಬಿಟ್ಟರೂ ಅದರ ಮೇಲೆ ದೂರಿಲ್ಲ. ಈ ಔದಾರ್ಯದ ನಡುವೆಯೂ ಆ ದೇಶದಲ್ಲಿ ಈವರೆಗೆ ಐದು ಲಕ್ಷಕ್ಕೂ ಹೆಚ್ಚು ಸೋರಿಕೆಗಳು ಖಚಿತವಾಗಿವೆ ಎಂದರೆ ಆ ಟ್ಯಾಂಕುಗಳ ಶ್ರಮವನ್ನು ಮೆಚ್ಚಬೇಕು.

ಸೋರಿದ ಎಣ್ಣೆಯೂ ಅಳೆಯುವವರಿಗೆ ಬೇಕಾದಷ್ಟು ಕೆಲಸ ಕೊಡುತ್ತದೆ. ನೀರಿಗಿಂತ ಹಗುರವಾದ್ದರಿಂದ ಅದು ಮಣ್ಣಿನಲ್ಲಿ ಇಳಿಯುತ್ತ ಹೋಗಿ ನೀರಿನ ಮೇಲೆ ತೇಲುತ್ತದೆ. ಬೇಸಿಗೆಯಲ್ಲಿ ನೀರು ತಗ್ಗಿದರೆ ತಾನೂ ತಗ್ಗಿ, ಮಳೆಯಲ್ಲಿ ಏರಿದರೆ ತಾನೂ ಏರಿ, ಹೋದ ದಾರಿಯ ಮಣ್ಣಿಗೆಲ್ಲ ಬಳಿದುಕೊಳ್ಳುತ್ತದೆ. ಅದರಲ್ಲಿರುವ ಬೆಂಜೀನಿನಂಥವು ತೇಲುವುದು ಸಾಕಾಗಿ ನೀರಿನೊಳಗೇ ಕರಗಿ ನೀರಿನ ಜೊತೆ ಹರಿದು ಹೊರಡುತ್ತವೆ. ಬೆಂಜೀನು ಕ್ಯಾನ್ಸರ್ ತರುತ್ತದೆಂಬುದರಲ್ಲಿ ಯಾವ ವಿಜ್ಞಾನಿಗೂ ಅನುಮಾನವಿಲ್ಲ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು 5 ಮೈಕ್ರೋಗ್ರಾಮಿಗಿಂತ ಹೆಚ್ಚಿರಕೂಡದೆಂದು ಅಮೆರಿಕದ ಮಿತಿ; ವಿಶ್ವ ಆರೋಗ್ಯ ಸಂಸ್ಥೆಯದು 10. ಒಂದು ಕಡೆ ಮೈಕ್ರೋಗ್ರಾಮು, ಇನ್ನೊಂದು ಕಡೆ ಲೆಕ್ಕದಿಂದ ಮನ್ನಾ ಆದ ನಾಲ್ಕು ಸಾವಿರ ಲೀಟರು. ನೀರನ್ನು ಅಕ್ಕಸಾಲಿಗನ ತಕ್ಕಡಿಯಲ್ಲೂ ಎಣ್ಣೆಯನ್ನು ಲಾರಿಯ ವೇಬ್ರಿಡ್ಜಿನಲ್ಲೂ ತೂಗುವ ಈ ಉಭಯನಿಷ್ಠೆ ಸಾಮಾನ್ಯರಿಗೆ ಬರುವಂಥದ್ದಲ್ಲ.

ನೀರು ಯಾವ ಕಡೆ ಹರಿಯುತ್ತದೆ ಎಂದು ತಿಳಿಯಲು ಕನಿಷ್ಠ ಮೂರು ನಿಗಾ ಬಾವಿ ಕೊರೆಯಬೇಕು. ಮೂರರ ನೀರಿನ ಮಟ್ಟ ಹೋಲಿಸಿದರೆ ಇಳಿಜಾರು ಗೊತ್ತಾಗುತ್ತದೆ. ಆಮೇಲೆ ಇಳಿಜಾರಿನ ಕೆಳಗೆ ಇನ್ನಷ್ಟು ಬಾವಿ. ನಿಂತ ನೀರನ್ನು ಹೊರಹಾಕಿ, ಹೊಸ ನೀರನ್ನು ಪುಟ್ಟ ಗಾಜಿನ ಸೀಸೆಗೆ ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ತಂಪಿನಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಬೇಕು. ಗುಳ್ಳೆ ಉಳಿದರೆ ಎಣ್ಣೆಯ ಆವಿ ಅದರೊಳಗೆ ಸೇರಿ ಫಲಿತಾಂಶ ಸುಳ್ಳಾಗುತ್ತದೆ. ಇಷ್ಟೆಲ್ಲ ಮಾಡುವವರು ನಿಜವಾಗಿ ಶ್ರಮಜೀವಿಗಳು. ಅವರನ್ನು ಹೊಗಳುವಾಗ ನನ್ನ ದನಿಯಲ್ಲಿ ಕೊಂಕಿಲ್ಲ. ಬಾವಿ ಎಲ್ಲಿ ಕೊರೆಯಬೇಕು, ಬಂದ ಅಂಕಿಯನ್ನು ಯಾವಾಗ ಓದಬೇಕು, ಓದಿದ ಮೇಲೆ ಏನೂ ಮಾಡದಿರುವುದು ಹೇಗೆ ಎಂದು ಮೇಲೆ ಕೂತು ತೀರ್ಮಾನಿಸುವವರ ಪ್ರತಿಭೆ ಬೇರೆ. ಇವತ್ತಿನ ಶಾಲು ಅವರಿಗೆ.

ರೆಡ್ ಹಿಲ್ಲಿನಲ್ಲಿ ಆ ಪ್ರತಿಭೆಗೆ ಕಾನೂನೇ ಮೊದಲ ಆಸರೆ. 1988ರಲ್ಲಿ ನೆಲದಡಿಯ ಟ್ಯಾಂಕುಗಳಿಗೆ ಸೋರಿಕೆ ಪತ್ತೆಯ ನಿಯಮ ಬಂದಾಗ, ಕಾರ್ಖಾನೆಯಲ್ಲಿ ತಯಾರಾಗದೆ ಜಾಗದಲ್ಲೇ ಕಟ್ಟಿದ ಟ್ಯಾಂಕುಗಳ ವಿಷಯವನ್ನು ಆಮೇಲೆ ನೋಡೋಣವೆಂದು ಬದಿಗಿಟ್ಟರು. ಮೂಲೆಯ ಬಂಕಿನವ ತನ್ನ ಹತ್ತು ಸಾವಿರ ಗ್ಯಾಲನ್ ಟ್ಯಾಂಕಿಗೆ ತಿಂಗಳು ತಿಂಗಳು ಲೆಕ್ಕ ಕೊಡಬೇಕು, ಗುಡ್ಡದೊಳಗಿನ 1.25 ಕೋಟಿ ಗ್ಯಾಲನ್ ಟ್ಯಾಂಕಿಗೆ ಆ ಕಾಟವಿಲ್ಲ. ಆಮೇಲೆ ನೋಡಿದ್ದು 2015ರಲ್ಲಿ. ಚಿಕ್ಕವರನ್ನು ಶಿಸ್ತಿನಲ್ಲಿಟ್ಟು ದೊಡ್ಡವರನ್ನು ಅವರ ಪಾಡಿಗೆ ಬಿಡುವ ಪದ್ಧತಿಯನ್ನು ನಾವು ಒಬ್ಬರೇ ಕಂಡುಹಿಡಿದೆವೆಂದು ಬೀಗುವಂತಿಲ್ಲ.

ಅಷ್ಟು ಅಗಲದ ಟ್ಯಾಂಕಿನಲ್ಲಿ ಸೋರಿಕೆ ಹಿಡಿಯುವ ಕಷ್ಟವನ್ನೂ ನಾವು ಅರಿಯಬೇಕು. ಇಂಧನದ ಮಟ್ಟ ಒಂದೇ ಒಂದು ಮಿಲಿಮೀಟರ್ ಇಳಿದರೆ 730 ಲೀಟರು ಹೋಗಿರುತ್ತದೆ. ಗುಡ್ಡದೊಳಗೆ ನಿಂತು 250 ಅಡಿಯ ಟ್ಯಾಂಕಿನಲ್ಲಿ ಮಿಲಿಮೀಟರ್ ಎಣಿಸುವುದು ತಪಸ್ಸು. ತಪಸ್ಸಿಗೆ ಭಂಗವೂ ಬರುತ್ತಿತ್ತು: ಭಂಡಾರ ಕಟ್ಟಿದಂದಿನಿಂದ 70ಕ್ಕೂ ಹೆಚ್ಚು ಸೋರಿಕೆಗಳಾಗಿವೆ, 1,80,000 ಗ್ಯಾಲನ್ ಹೋಗಿದೆ ಎಂದು ಹವಾಯಿಯ ಸಿಯೆರಾ ಕ್ಲಬ್ಬಿನಂಥ ಪರಿಸರ ಸಂಘಟನೆಗಳು ಹಳೆಯ ಕಡತಗಳನ್ನು ಕೆದಕಿ ಲೆಕ್ಕ ಹೇಳುತ್ತಿದ್ದವು. ಕಡತ ಇರುವುದು ಇಡಲಿಕ್ಕೇ ಹೊರತು ಓದಲಿಕ್ಕಲ್ಲ ಎಂಬುದು ಇಂಥವರಿಗೆ ತಿಳಿಯುವುದಿಲ್ಲ.

2014ರ ಜನವರಿಯಲ್ಲಿ 5ನೇ ಟ್ಯಾಂಕಿನಿಂದ 27,000 ಗ್ಯಾಲನ್ ಜೆಟ್ ಇಂಧನ ಹೋಯಿತು. ಹಳೆಯ ತುಕ್ಕು ಹಿಡಿದ ಟ್ಯಾಂಕು ಎಂದು ನೀವು ಊಹಿಸಿದ್ದರೆ ತಪ್ಪು. ಇಪ್ಪತ್ತು ಟ್ಯಾಂಕುಗಳಲ್ಲಿ ಆಗಷ್ಟೇ ರಿಪೇರಿ ಮುಗಿಸಿಕೊಂಡು ಬಂದದ್ದು ಅದು. ವರ್ಷಗಟ್ಟಲೆ ಖಾಲಿ ಇಟ್ಟು, ಬೆಸುಗೆ ಹಾಕಿಸಿ, ಸರಿಯಾಗಿದೆ ಎಂದು ಬರೆಸಿಕೊಂಡು, ಮತ್ತೆ ತುಂಬುತ್ತಿದ್ದಂತೆ ಸೋರಿತು. ಗುತ್ತಿಗೆದಾರರ ಬೆಸುಗೆ ಕೆಟ್ಟದ್ದು, ಅದನ್ನು ನೋಡಿಕೊಳ್ಳಬೇಕಾದವರು ನೋಡಿಕೊಂಡಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ರಿಪೇರಿಯಾಗದ ಟ್ಯಾಂಕುಗಳ ಮೇಲೆ ಜನರಿಗೆ ನಂಬಿಕೆ ಹುಟ್ಟಿಸುವ ಇದಕ್ಕಿಂತ ಒಳ್ಳೆಯ ಉಪಾಯ ಇರಲಾರದು.

ಅವಸರದ ಜನ ಆಗಲೇ ಟ್ಯಾಂಕು ಖಾಲಿ ಮಾಡಿ ಎಂದರು. ಹೊನೊಲುಲುವಿನ ನೀರು ಸರಬರಾಜು ಮಂಡಳಿಯಂತೂ ಬಾಯಿ ಮುಚ್ಚಲೇ ಇಲ್ಲ. ಆದರೆ ತಿಳಿದವರು ಕೂತು ಮಾತಾಡಿ 2015ರ ಸೆಪ್ಟೆಂಬರಿನಲ್ಲಿ ನೌಕಾಪಡೆ, ಪರಿಸರ ಸಂರಕ್ಷಣಾ ಸಂಸ್ಥೆ, ಹವಾಯಿ ಆರೋಗ್ಯ ಇಲಾಖೆಗಳ ನಡುವೆ ಒಂದು ಒಪ್ಪಂದ ಬರೆದುಕೊಂಡರು. ಟ್ಯಾಂಕುಗಳನ್ನು ಮೇಲ್ದರ್ಜೆಗೇರಿಸಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲಾವಕಾಶ. ಅಷ್ಟರಲ್ಲಿ ಅಧ್ಯಯನ: ತುಕ್ಕಿನ ಅಧ್ಯಯನ, ಅಂತರ್ಜಲದ ಹರಿವಿನ ಅಧ್ಯಯನ, ಅಪಾಯದ ಅಧ್ಯಯನ. ಒಂದು ಅಧ್ಯಯನದ ಯೋಜನೆಗೆ ಕರಡು, ಕರಡಿಗೆ ಟಿಪ್ಪಣಿ, ಟಿಪ್ಪಣಿಗೆ ಉತ್ತರ, ಉತ್ತರದ ಮೇಲೆ ಸಭೆ. ಈ ಅವಧಿಯಲ್ಲಿ ಟ್ಯಾಂಕುಗಳು ತುಂಬಿಯೇ ಇದ್ದವು. ಖಾಲಿ ಟ್ಯಾಂಕಿನ ಸೋರಿಕೆಯನ್ನು ಅಧ್ಯಯನ ಮಾಡುವುದು ಹೇಗೆ ಸಾಧ್ಯ, ನೀವೇ ಹೇಳಿ.

ಅಂತರ್ಜಲದ ಹರಿವಿನ ಗಣಕ ಮಾದರಿ ಈ ಅಧ್ಯಯನಗಳಲ್ಲಿ ನನಗೆ ಬಹಳ ಪ್ರಿಯವಾದದ್ದು. ಹವಾಯಿಯ ನೆಲ ಲಾವಾ ಒಂದರ ಮೇಲೊಂದು ಹರಿದು ಗಟ್ಟಿಯಾದದ್ದು. ಒಂದು ಪದರ ನುಣುಪು, ಒಂದು ಪದರ ಕಿಟ್ಟದಂಥ ಚೂರು ಚೂರು, ಮಧ್ಯೆ ಬಿರುಕು, ಅಲ್ಲಲ್ಲಿ ಲಾವಾ ಹರಿದು ಖಾಲಿಯಾದ ಸುರಂಗ. ಇದರೊಳಗೆ ಬಿದ್ದ ಎಣ್ಣೆ ಯಾವ ಸಂದಿಯಲ್ಲಿ ನುಸುಳಿ ಎಲ್ಲಿ ಏಳುತ್ತದೆಂದು ಹೇಳುವುದು ಕಠಿಣ. ಆದರೆ ಗಣಕಯಂತ್ರದೊಳಗಿನ ಬಂಡೆಗೆ ಅಷ್ಟು ಹಟವಿಲ್ಲ, ಹೇಳಿದಂತೆ ಕೇಳುತ್ತದೆ. ಮಾದರಿ ತೋರಿಸಿದ ಹರಿವಿಗೂ ಬಾವಿಗಳಲ್ಲಿ ಅಳೆದ ಮಟ್ಟಕ್ಕೂ ತಾಳೆಯಿಲ್ಲ ಎಂದು ನಿಯಂತ್ರಕರು ವರ್ಷಗಟ್ಟಲೆ ಆಕ್ಷೇಪಿಸಿದರು. ತಪ್ಪು ಬಾವಿಗಳದ್ದಿರಬಹುದೆಂಬ ಸಾಧ್ಯತೆಯನ್ನು ಅವರು ಪರಿಗಣಿಸಲಿಲ್ಲ. ಕೊನೆಗೆ ಮಾದರಿಯನ್ನು ಅಧಿಕೃತವಾಗಿ ತಿರಸ್ಕರಿಸಿದ್ದು 2022ರಲ್ಲಿ, ಅಂದರೆ ಮಾದರಿಯ ಸಹಾಯವಿಲ್ಲದೆಯೇ ಎಣ್ಣೆ ನೀರಿಗೆ ದಾರಿ ಹುಡುಕಿಕೊಂಡ ಮೇಲೆ.

ಬಂಡೆಯ ಬಿರುಕಿನಲ್ಲಿ ಸಿಕ್ಕಿಕೊಂಡ ಇಂಧನವನ್ನು ಸೂಕ್ಷ್ಮಜೀವಿಗಳು ತಿಂದುಹಾಕುತ್ತವೆ ಎಂಬ ವಾದವೂ ಇತ್ತು. ತಿನ್ನುವುದು ನಿಜ, ಶಾಸ್ತ್ರ ಒಪ್ಪುತ್ತದೆ, ಎಷ್ಟೋ ಬಂಕುಗಳ ಸಣ್ಣ ಸೋರಿಕೆ ಹಾಗೆಯೇ ಕರಗಿದೆ. ಸಂಬಳ, ಭತ್ಯೆ, ನಿವೃತ್ತಿ ವೇತನ ಏನನ್ನೂ ಕೇಳದ ನೌಕರರ ಮೇಲೆ ದೊಡ್ಡ ಸಂಸ್ಥೆಗಳಿಗೆ ಪ್ರೀತಿ ಹೆಚ್ಚು.

ಈಗ 2018ರ ನವೆಂಬರಿನ ಅಪಾಯದ ಅಂದಾಜಿಗೆ ಬರೋಣ. ನೌಕಾಪಡೆಯೇ ಸಲಹೆಗಾರರಿಂದ ಮಾಡಿಸಿದ ಲೆಕ್ಕ ಇದು. ಒಂದು ಸಾವಿರದಿಂದ ಮೂವತ್ತು ಸಾವಿರ ಗ್ಯಾಲನ್ ಇಂಧನ ಒಮ್ಮೆಲೇ ಹೊರಬೀಳುವ ಸಂಭವ ವರ್ಷಕ್ಕೆ ಶೇ. 27.6, ಇದಲ್ಲದೆ ಯಾರ ಗಮನಕ್ಕೂ ಬಾರದೆ ವರ್ಷಕ್ಕೆ 5,803 ಗ್ಯಾಲನ್ ಸೋರುತ್ತದೆಂಬ ನಿರೀಕ್ಷೆ. ಗಮನಕ್ಕೆ ಬಾರದ್ದನ್ನು ಕೊನೆಯ ಮೂರು ಗ್ಯಾಲನ್ನಿನವರೆಗೆ ಲೆಕ್ಕ ಹಾಕಿದ ಈ ಸಲಹೆಗಾರರು ಬಿನ್ನವತ್ತಳೆಯಲ್ಲಿ ಪ್ರತ್ಯೇಕ ಪಂಕ್ತಿಗೆ ಅರ್ಹರು. ಶೇ. 27.6 ಎಂದರೆ ನಾಲ್ಕು ವರ್ಷಕ್ಕೊಮ್ಮೆಗಿಂತ ಕೊಂಚ ಹೆಚ್ಚು. ಮನೆಯ ಚಾವಣಿ ಬೀಳುವ ಸಂಭವ ಇಷ್ಟೆಂದು ಯಾರಾದರೂ ಹೇಳಿದರೆ ನೀವು ನಾನು ಹಾಸಿಗೆ ಸುತ್ತಿಕೊಂಡು ಓಡುತ್ತೇವೆ. ಸಂಸ್ಥೆಗಳು ಹಾಗೆ ಓಡುವುದಿಲ್ಲ. 2019ರಲ್ಲಿ ನೌಕಾಪಡೆ ತನ್ನ ಪ್ರಸ್ತಾಪ ಮುಂದಿಟ್ಟಿತು: ಈಗಿನ ಟ್ಯಾಂಕುಗಳನ್ನೇ ದುರಸ್ತಿಯಲ್ಲಿ ಇಟ್ಟುಕೊಳ್ಳುವುದು, ಇನ್ನೊಂದು ಗೋಡೆ ಕಟ್ಟಿದಷ್ಟು ಭದ್ರತೆ ಒದಗಿಸುವುದು ಇಲ್ಲವೇ ಇಂಧನ ತೆಗೆಯುವುದು, 2045ರ ಸುಮಾರಿಗೆ.

ಅಂದಾಜು ಕರಾರುವಾಕ್ಕಾಗಿತ್ತು. ಲೆಕ್ಕ ಹಾಕಿದ ಎರಡೂವರೆ ವರ್ಷಕ್ಕೆ, ಹೇಳಿದ ಮಿತಿಯೊಳಗೇ, ಸೋರಿಕೆ ಬಂತು.

2021ರ ಮೇ 6. ಇಂಧನ ಸಾಗಿಸುವಾಗ ಕವಾಟಗಳನ್ನು ಕ್ರಮ ತಪ್ಪಿ ತೆರೆದರು, ಒತ್ತಡ ಏರಿ ಕೊಳವೆಯ ಕೀಲು ಕಳಚಿತು, ಸುರಂಗಕ್ಕೆ ಜೆಟ್ ಇಂಧನ ಚಿಮ್ಮಿತು. ಲೆಕ್ಕ ಮಾಡಿ ವರದಿ ಕೊಟ್ಟರು: ಹೊರಬಿದ್ದದ್ದು 1,618 ಗ್ಯಾಲನ್, ಬಾಚಿ ತೆಗೆದದ್ದು ಕಳೆದು ಸಿಗದೆ ಹೋದದ್ದು 38 ಗ್ಯಾಲನ್. ಈ 38ರ ಮುಂದೆ ನಾನು ತಲೆಬಾಗುತ್ತೇನೆ. ಸುಮಾರು ನಲವತ್ತು ಎನ್ನಬಹುದಿತ್ತು, ಸೋಮಾರಿಗಳು ಹಾಗೆ ಅನ್ನುತ್ತಾರೆ. ಟ್ಯಾಂಕಿನ ಮಟ್ಟದಲ್ಲಿ ಒಂದು ಮಿಲಿಮೀಟರಿನ ಐದನೇ ಒಂದು ಭಾಗಕ್ಕೆ ಸಮನಾದ ಇಂಧನವನ್ನು ಹೀಗೆ ಹೆಸರಿಟ್ಟು ಗುರುತಿಸುವುದೆಂದರೆ ಕೈ ಎಷ್ಟು ಪಳಗಿರಬೇಕು!

ಹೊರಬಿದ್ದದ್ದು ಸುಮಾರು ಇಪ್ಪತ್ತು ಸಾವಿರ ಗ್ಯಾಲನ್ ಎಂದು ಆಮೇಲೆ ತನಿಖೆಯಲ್ಲಿ ತಿಳಿಯಿತು. ಉಳಿದ ಹದಿನೆಂಟು ಸಾವಿರ ಚಿಲ್ಲರೆ ಗ್ಯಾಲನ್ ಎಲ್ಲಿತ್ತು? ಎಲ್ಲೂ ಹೋಗಿರಲಿಲ್ಲ, ತಲೆಯ ಮೇಲೆಯೇ ಇತ್ತು. ಬೆಂಕಿ ಬಿದ್ದರೆ ನಂದಿಸಿದ ನೊರೆನೀರನ್ನು ಹೊರಗೊಯ್ಯಲು ಸುರಂಗದ ಮೇಲ್ಭಾಗದಲ್ಲಿ ತೂಗುಹಾಕಿದ್ದ ಪ್ಲಾಸ್ಟಿಕ್ ಕೊಳವೆಯೊಳಗೆ ಅಷ್ಟನ್ನೂ ಪಂಪು ಎಳೆದುಕೊಂಡಿತ್ತು. ಬೆಂಕಿ ಆರಿಸುವ ವ್ಯವಸ್ಥೆಯಲ್ಲಿ ವಿಮಾನದ ಇಂಧನ ತುಂಬಿಕೊಂಡು ಆರು ತಿಂಗಳು ನೇತಾಡಿತು. ಭಾರಕ್ಕೆ ಕೊಳವೆ ಜೋತುಬಿದ್ದಿತ್ತು. ಕೆಳಗೆ ದಿನವೂ ಓಡಾಡಿದವರು ಮೇಲೆ ನೋಡಲಿಲ್ಲ. ನೋಡಿದ್ದರೆ 38 ಎಂಬ ಆ ಸುಂದರವಾದ ಅಂಕಿ ಕೆಟ್ಟುಹೋಗುತ್ತಿತ್ತು.

ನವೆಂಬರ್ 20ರಂದು ಸುರಂಗದ ಪುಟ್ಟ ರೈಲುಗಾಡಿ ಜೋತುಬಿದ್ದ ಕೊಳವೆಯ ಕವಾಟಕ್ಕೆ ಬಡಿಯಿತು. ಮೇಲಿದ್ದದ್ದು ಕೆಳಗೆ ಬಂತು. ನೆಲದ ಚರಂಡಿ ಹಿಡಿದು ಇನ್ನೂ ಕೆಳಗೆ ಹೋಯಿತು. ಅಲ್ಲಿ ಹತ್ತಿರದಲ್ಲೇ ರೆಡ್ ಹಿಲ್ ಶಾಫ್ಟ್ ಎಂಬ ಬಾವಿ. ಬೇರೆ ಯಾರದೂ ಅಲ್ಲ, ನೌಕಾಪಡೆಯದೇ. ಪರ್ಲ್ ಹಾರ್ಬರಿನ ಸೇನಾನೆಲೆ ಮತ್ತು ಸುತ್ತಲ ವಸತಿಗಳ ಸುಮಾರು 93,000 ಜನರಿಗೆ ನೀರು ಕೊಡುವ ಜಾಲಕ್ಕೆ ಸೇರಿದ್ದು. ಸೋರಿಸುವವರು ಎಷ್ಟೋ ಜನ ಇದ್ದಾರೆ, ಎಲ್ಲರೂ ಪಕ್ಕದವರ ಬಾವಿಗೆ ಸೋರಿಸುತ್ತಾರೆ. ಮೊದಲ ಗುಟುಕನ್ನು ತಮ್ಮದೇ ಸೈನಿಕರ ಹೆಂಡತಿ ಮಕ್ಕಳಿಗೆ ಮೀಸಲಿಟ್ಟ ನಿಷ್ಪಕ್ಷಪಾತಕ್ಕೆ ಬೇರೆ ಉದಾಹರಣೆ ಕೊಡಿ ನೋಡೋಣ.

ಮೊದಲ ಪ್ರಕಟಣೆಯಲ್ಲಿ ಇದ್ದದ್ದು ಇಷ್ಟು: ನೀರು ಮತ್ತು ಇಂಧನ ಬೆರೆತ ಸುಮಾರು 14,000 ಗ್ಯಾಲನ್ ಸುರಂಗದಲ್ಲಿ ಬಿದ್ದಿದೆ, ಪರಿಸರಕ್ಕೆ ಸೇರಿದ ಲಕ್ಷಣವಿಲ್ಲ, ಕುಡಿಯುವ ನೀರು ಸುರಕ್ಷಿತ. ಒಂದು ವಾರ ಕಳೆಯಿತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆಯ ಕೊನೆಗೆ ಮನೆಮನೆಗಳಿಂದ ದೂರು ಬರತೊಡಗಿತು. ನಲ್ಲಿ ಬಿಟ್ಟರೆ ಇಂಧನದ ವಾಸನೆ, ನೀರಿನ ಮೇಲೆ ಎಣ್ಣೆಯ ಹೊಳಪು. ಮಕ್ಕಳಿಗೆ ವಾಂತಿ, ತಲೆನೋವು, ಮೈಮೇಲೆ ಗಂಧೆ. ನಾಯಿಗಳು ನೀರು ಮುಟ್ಟುತ್ತಿಲ್ಲ.

ಇಲ್ಲಿ ಒಂದು ತಾಂತ್ರಿಕ ತೊಡಕನ್ನು ಓದುಗರು ಗಮನಿಸಬೇಕು. ಮೂಗು ಮಾನ್ಯತೆ ಪಡೆದ ಉಪಕರಣವಲ್ಲ. ಅದಕ್ಕೆ ವಾರ್ಷಿಕ ತಪಾಸಣೆಯ ಪ್ರಮಾಣಪತ್ರವಿಲ್ಲ, ಎಷ್ಟು ಪ್ರಮಾಣದಿಂದ ಮೇಲೆ ಪತ್ತೆಹಚ್ಚುತ್ತದೆಂಬ ದಾಖಲೆಯಿಲ್ಲ, ಅಡುಗೆಮನೆ ಅನುಮೋದಿತ ಮಾದರಿ ಸಂಗ್ರಹ ಸ್ಥಳವೂ ಅಲ್ಲ. ಎಂಟು ದಶಕ ಅಳೆದವರಿಗೆ ಸಿಗದ್ದು ಪಾತ್ರೆ ತೊಳೆಯಲು ನಿಂತವರಿಗೆ ಸಿಕ್ಕಿತೆಂದರೆ ಶಾಸ್ತ್ರ ಅದನ್ನು ಒಪ್ಪುವುದು ಹೇಗೆ? ಆದ್ದರಿಂದ ನವೆಂಬರ್ 29ರಂದು ನೆಲೆಯ ಕಮಾಂಡರ್ ನಿವಾಸಿಗಳಿಗೆ ಪತ್ರ ಬರೆದರು: ನೀರು ಸುರಕ್ಷಿತವಲ್ಲ ಎನ್ನಲು ತತ್‌ಕ್ಷಣದ ಸೂಚನೆಯಿಲ್ಲ, ತಾವೂ ತಮ್ಮ ಸಿಬ್ಬಂದಿಯೂ ಅದನ್ನೇ ಕುಡಿಯುತ್ತಿದ್ದೇವೆ ಎಂದು. ಅದಕ್ಕೆ ಮುಂಚಿನ ಸಂಜೆಯೇ ಆ ಬಾವಿಯ ಪಂಪು ನಿಂತಿತ್ತು. ಕುಡಿದು ತೋರಿಸುವುದೂ ಒಂದು ಬಗೆಯ ಅಳತೆಯೇ, ಸೀಸೆ ಬೇಡ, ಪ್ರಯೋಗಾಲಯದ ಖರ್ಚಿಲ್ಲ. ಆಮೇಲೆ ಅವರು ಜನರ ಮುಂದೆ ಕ್ಷಮೆ ಕೇಳಿದರು. ಇದೊಂದನ್ನು ಮಾತ್ರ ನಾನು ಬಿನ್ನವತ್ತಳೆಯಲ್ಲಿ ಸೇರಿಸಲಾರೆ; ಕ್ಷಮೆ ಕೇಳುವುದು ಈ ಕಲೆಯ ನಿಯಮದೊಳಗೆ ಬರುವುದಿಲ್ಲ.

ಡಿಸೆಂಬರ್ 5ರಂದು ಬಾವಿಯಿಂದಲೇ ತೆಗೆದ ನೀರಿನಲ್ಲಿ ಡೀಸೆಲ್ ವರ್ಗದ ಪೆಟ್ರೋಲಿಯಂ ಶತಕೋಟಿಗೆ 1,40,000 ಭಾಗ ಇತ್ತು. ಹವಾಯಿಯ ಮಿತಿ 400. ಮುನ್ನೂರೈವತ್ತು ಪಟ್ಟು. ಮೂಗಿಗೆ ಮರಣೋತ್ತರವಾಗಿಯಾದರೂ ಮಾನ್ಯತೆ ಸಿಕ್ಕಿತು ಎನ್ನೋಣ. ಸಾವಿರಾರು ಕುಟುಂಬಗಳು ವೈಕಿಕಿಯ ಹೋಟೆಲುಗಳಿಗೆ ಹೋದವು. ಪ್ರವಾಸಿಗರು ಲಕ್ಷಗಟ್ಟಲೆ ಸುರಿದು ಬರುವ ಕಡಲತೀರದಲ್ಲಿ ಸರ್ಕಾರದ ಖರ್ಚಿನಲ್ಲಿ ತಿಂಗಳುಗಟ್ಟಲೆ ವಾಸ, ಕುಡಿಯಲು ಬಾಟಲಿ ನೀರು.

ಕೆಟ್ಟ ಮೇಲ್ಪಂಕ್ತಿ ಹಾಕಿದವರು ನೀರು ಸರಬರಾಜು ಮಂಡಳಿಯವರು. ಅವರ ಹಾಲಾವ ಶಾಫ್ಟ್ ಎಂಬ ಬಾವಿ ಹೊನೊಲುಲು ನಗರದ ಐದನೇ ಒಂದು ಪಾಲು ನೀರು ಕೊಡುತ್ತಿತ್ತು. ಅದು ಅದೇ ಜಲಸ್ತರದ್ದು. ತಾವು ಪಂಪು ಎಳೆದರೆ ಎಣ್ಣೆ ತಮ್ಮ ಕಡೆಗೂ ಬಂದೀತೆಂದು ಅವರು ಡಿಸೆಂಬರ್ ಮೊದಲ ವಾರವೇ ಬಾವಿ ನಿಲ್ಲಿಸಿದರು. ಮಾದರಿಯಿಲ್ಲ, ಕರಡು ವರದಿಯಿಲ್ಲ, ಸಂಭವನೀಯತೆಯ ಶೇಕಡಾವಾರು ಇಲ್ಲ. ಎಣ್ಣೆ ಇದೆ, ನೀರು ಹರಿಯುತ್ತದೆ, ನಿಲ್ಲಿಸಿ. ಇಷ್ಟು ಒರಟಾಗಿ ಯೋಚಿಸುವವರ ಕೈಗೆ ಅಂತರ್ಜಲ ಸಿಕ್ಕರೆ ಸಲಹೆಗಾರರ ಗತಿಯೇನು?

ರಾಜ್ಯದ ಆರೋಗ್ಯ ಇಲಾಖೆಯೂ ಡಿಸೆಂಬರ್ 6ರಂದು ಟ್ಯಾಂಕು ಖಾಲಿ ಮಾಡಲು ತುರ್ತು ಆದೇಶ ಹೊರಡಿಸಿತು. ನೌಕಾಪಡೆ ಅದನ್ನು ಪ್ರಶ್ನಿಸಿತು. ವಿಚಾರಣೆ ನಡೆದು ಜನವರಿಯಲ್ಲಿ ಆದೇಶ ಗಟ್ಟಿಯಾಯಿತು. ಫೆಬ್ರವರಿಯಲ್ಲಿ ಅದರ ವಿರುದ್ಧ ಅಮೆರಿಕದ ಕೇಂದ್ರ ಸರ್ಕಾರ ನ್ಯಾಯಾಲಯದ ಮೆಟ್ಟಿಲೇರಿತು. 2022ರ ಮಾರ್ಚ್ 7ರಂದು ರಕ್ಷಣಾ ಕಾರ್ಯದರ್ಶಿ ಲಾಯ್ಡ್ ಆಸ್ಟಿನ್ ಭಂಡಾರವನ್ನು ಶಾಶ್ವತವಾಗಿ ಮುಚ್ಚುವುದಾಗಿ ಪ್ರಕಟಿಸಿದರು. ಆದರೂ ಖಾಲಿ ಮಾಡಲು ಶುರು ಮಾಡಿದ್ದು 2023ರ ಅಕ್ಟೋಬರಿನಲ್ಲಿ. ನಡುವಿನ ಒಂದೂವರೆ ವರ್ಷ ಕೊಳವೆಗಳ ರಿಪೇರಿಗೆ ಬೇಕಾಯಿತು, ಏಕೆಂದರೆ ಇದ್ದ ಸ್ಥಿತಿಯಲ್ಲಿ ಅವುಗಳ ಮೂಲಕ ಇಂಧನ ಇಳಿಸುವುದು ಅಪಾಯಕರವಾಗಿತ್ತು. ಎಂಬತ್ತು ವರ್ಷ ಇಂಧನ ಇಟ್ಟುಕೊಳ್ಳಲು ಭದ್ರವಾಗಿದ್ದ ವ್ಯವಸ್ಥೆ ತೆಗೆಯಲು ಮಾತ್ರ ಭದ್ರವಾಗಿರಲಿಲ್ಲ. ಈ ಸೂಕ್ಷ್ಮವನ್ನೂ ಅಧ್ಯಯನದಿಂದಲೇ ಕಂಡುಕೊಂಡರು. ರಿಪೇರಿಯಾದ ಮೇಲೆ 10 ಕೋಟಿ ಗ್ಯಾಲನ್‌ಗೂ ಹೆಚ್ಚಿನ ಇಂಧನ ಕೆಲವೇ ತಿಂಗಳಲ್ಲಿ ಗುಡ್ಡದಿಂದ ಇಳಿಯಿತು.

ಅತ್ತ ಕೆಟ್ಟ ಬಾವಿಯನ್ನು ತೊಳೆಯಲು ದಿನಕ್ಕೆ 50 ಲಕ್ಷ ಗ್ಯಾಲನ್‌ವರೆಗೆ ನೀರೆತ್ತಿ, ಇದ್ದಿಲಿನ ಸೋಸುಗದಲ್ಲಿ ಹಾಯಿಸಿ, ಹಾಲಾವ ಹಳ್ಳಕ್ಕೆ ಬಿಟ್ಟರು. ಅದೇ 2022ರ ವಸಂತದಲ್ಲಿ ಬಾವಿ ಕಳೆದುಕೊಂಡ ನಗರದ ಜನರಿಗೆ ನೀರು ಹಿತಮಿತವಾಗಿ ಬಳಸಿ ಎಂದು ಮಂಡಳಿ ಮನವಿ ಮಾಡಿಕೊಂಡಿತು.

ಸನ್ಮಾನ ಎಂದಮೇಲೆ ಹಿಂದೆ ಸಂದ ಗೌರವಗಳನ್ನೂ ಓದಿ ಹೇಳುವುದು ಪದ್ಧತಿ. 2023ರ ಸೆಪ್ಟೆಂಬರಿನಲ್ಲಿ ನೌಕಾಪಡೆಯ ಕಾರ್ಯದರ್ಶಿ ಈ ಪ್ರಕರಣದಲ್ಲಿ ಮೂವರು ರಿಯರ್ ಅಡ್ಮಿರಲ್‌ಗಳಿಗೆ ಛೀಮಾರಿ ಪತ್ರ ಕೊಟ್ಟರು. ಮೂವರೂ ಆ ಹೊತ್ತಿಗೆ ನಿವೃತ್ತರಾಗಿದ್ದರು. ಕೆಲಸ ಕಳೆದುಕೊಂಡವರು, ಹುದ್ದೆ ಇಳಿದವರು, ಸಂಬಳ ಕಡಿತವಾದವರು ಯಾರೂ ಇಲ್ಲ. ನೀರು ಕುಡಿದವರ ಕಡೆಯಿಂದ ಮೊದಲ ಕಂತಿನಲ್ಲಿ 17 ಮಂದಿಯ ದಾವೆಯನ್ನು ಹೊನೊಲುಲುವಿನ ಫೆಡರಲ್ ನ್ಯಾಯಾಲಯ ಆಲಿಸಿತು. ಹೊಣೆಯನ್ನು ಸರ್ಕಾರ ಮೊದಲೇ ಒಪ್ಪಿಕೊಂಡಿತ್ತು. ಉಳಿದದ್ದು ಯಾರಿಗೆ ಎಷ್ಟು ತೊಂದರೆಯಾಯಿತು ಎಂಬ ಅಳತೆ ಮಾತ್ರ. 2025ರ ಮೇ ತಿಂಗಳ ತೀರ್ಪಿನಲ್ಲಿ 17 ಮಂದಿಗೂ ಸೇರಿ ಸಿಕ್ಕಿದ್ದು ಸುಮಾರು 6,80,000 ಡಾಲರ್, ಅದರಲ್ಲಿ ಅತಿ ಕಡಿಮೆ ಪಡೆದವರಿಗೆ 5,000 ಡಾಲರ್. 2024ರಲ್ಲಿ ಟ್ಯಾಂಕುಗಳೆಲ್ಲ ಬರಿದಾದ ಮೇಲೂ ಹಾಲಾವ ಶಾಫ್ಟ್ ಮುಚ್ಚಿಯೇ ಇತ್ತು. ಅದರ ಸುತ್ತ ಎಣ್ಣೆ ಎಲ್ಲಿಯವರೆಗೆ ಹೋಗಿದೆ ಎಂದು ತಿಳಿಯಲು ಹೊಸ ನಿಗಾ ಬಾವಿಗಳನ್ನು ಕೊರೆಯುತ್ತಿದ್ದರು.